ಸಸಿಮಡಿ ಒಬ್ಬರದು, ಫಲ ಇನ್ನೊಬ್ಬರದು

ವಾಚಕರೆ, ಅಮೆರಿಕಾದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದೋಡುವ ಆಟ. ಅಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರನ್ನೂ ಭಾವಚಿತ್ರವನ್ನೂ ಜಾಹೀರಾತಿಗಿತ್ತು ಹಣ ಪಡೆಯಲು 2021ನೆಯ ಜುಲೈಯಿಂದ ಅವಕಾಶವಾಯಿತು. ದುಡಿದವನಿಗೆ ದಕ್ಕುವುದು ನ್ಯಾಯವೇ ಸರಿ. ಆದರೆ ಆ ವರ್ಷವೇ ಕಾಲೇಜು ಬದಲಿಸುವ ನಿರ್ಬಂಧವೂ ಸಡಿಲವಾದುದರಿಂದ, ಪಳಗಿದ ಆಟಗಾರರು ಹಣವುಳ್ಳ ಸಂಸ್ಥೆಗಳತ್ತ ಹೊರಳತೊಡಗಿದರು. 2025ನೆಯ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಮೊದಲ ವರ್ಷದ ಮಿತಿಯೇ ಎರಡು ಕೋಟಿ ಡಾಲರಿಗೂ ಮೇಲು. ಸಣ್ಣ ಕಾಲೇಜು ಇದಕ್ಕೆ ಸರಿಸಾಟಿಯಾಗುವುದೆಂತು?

ಕ್ಯಾಮ್ ವಾರ್ಡ್ ಎಂಬ ತರುಣನನ್ನು ದೊಡ್ಡ ಕಾಲೇಜುಗಳು ಮೊದಲು ಗಮನಿಸಲಿಲ್ಲ. ಟೆಕ್ಸಾಸಿನ ಇನ್‌ಕಾರ್ನೇಟ್ ವರ್ಡ್ ಎಂಬ ಚಿಕ್ಕ ವಿಶ್ವವಿದ್ಯಾಲಯವು ಸೇರಿಸಿಕೊಂಡು ತಿದ್ದಿತು. ಆತನು ಬಳಿಕ ಎರಡು ಸಲ ವಿದ್ಯಾಲಯ ಬದಲಿಸಿ, 2025ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಪ್ರಥಮನಾದನು.

ತರುಣನನ್ನು ನಾವು ದೂರುವುದಿಲ್ಲ. ಆದರೆ ನೀರೆರೆದವರ ಕೈ ಬರಿದಾದರೆ ಸಸಿಮಡಿ ಕಾಯುವವರಾರು? ಸಣ್ಣ ಕಾಲೇಜುಗಳೂ ಈಗ ಹೈಸ್ಕೂಲಿನ ಹುಡುಗರನ್ನು ಬಿಟ್ಟು, ಬೇರೆಡೆ ಪಳಗಿದವರನ್ನೇ ಅರಸುತ್ತಿವೆ. ತಡವಾಗಿ ಅರಳುವ ಹುಡುಗರನ್ನು ಪಾಠಶಾಲೆಯಲ್ಲಿ ನಾವು ಬಹಳ ಕಂಡವರು, ನಷ್ಟವೆಲ್ಲ ಅಂಥವರದು. ಕಾಲ್ಚೆಂಡಿನಾಟದ ಜಾಗತಿಕ ಸಂಸ್ಥೆಯಲ್ಲಿ, ಎಳೆಯರನ್ನು ಪಳಗಿಸಿದ ಸಂಘಕ್ಕೆ ಪರಿಹಾರಧನ ಸಲ್ಲಿಸುವ ನಿಯಮವುಂಟು. ಅಮೆರಿಕಾದವರೂ ಅದನ್ನು ಪರಿಶೀಲಿಸುವುದು ಲೇಸು.