ಒಳರಸ್ತೆಯ ಒನ್‌ವೇ ಯಾರಿಗಾಗಿ?

ಬೆಂಗಳೂರಿನ ದಟ್ಟಣೆಗೆ ಆಡಳಿತಕ್ಕೆ ಮೊದಲು ಹೊಳೆಯುವ ಮದ್ದು ಒನ್‌ವೇ. ಭೂಸ್ವಾಧೀನದ ರಗಳೆಯಿಲ್ಲ, ಟೆಂಡರ್ ಬೇಕಿಲ್ಲ. ನಾಲ್ಕು ಬ್ಯಾರಿಕೇಡು, ಎರಡು ಫಲಕ, ಒಂದು ಆದೇಶವಿದ್ದರೆ ಮುಗಿಯಿತು. ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆಯಂಥ ದೊಡ್ಡ ರಸ್ತೆಗಳಿಗೆ ಒಗ್ಗಿದ ಈ ಉಪಾಯವನ್ನು ಬಡಾವಣೆಯ ಒಳರಸ್ತೆಗೂ ಹಾಗೆಯೇ ತಂದು ಹಾಕುವುದು ತಪ್ಪು. ಮನೆ, ಶಾಲೆ, ಅಂಗಡಿಗಳಿರುವ ಬೀದಿಯ ದಿಕ್ಕು ಬದಲಿಸುವ ಮುನ್ನ ಅಲ್ಲಿ ಯಾರ ವಾಹನ ಓಡಾಡಬೇಕು ಎಂಬುದು ತೀರ್ಮಾನವಾಗಬೇಕು.

ಒನ್‌ವೇ ಪರವಾದ ವಾದದಲ್ಲಿ ಹುರುಳಿದೆ. ಎರಡು ದ್ವಿಮುಖ ರಸ್ತೆಗಳು ಕೂಡುವ ಸಾಮಾನ್ಯ ಚೌಕದಲ್ಲಿ ವಾಹನಗಳ ದಾರಿ ಒಂದಕ್ಕೊಂದು ಅಡ್ಡವಾಗುವ, ಸೇರುವ, ಅಗಲುವ ಜಾಗಗಳು 32. ಏಕಮುಖವಾದರೆ ಇವು ಬಹಳ ಕಡಿಮೆಯಾಗುತ್ತವೆ. ಆದರೆ ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಧೈರ್ಯ ಬಂದೊಡನೆ ವೇಗವೂ ಏರುತ್ತದೆ. ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಅಪಾಯ ಸುಮಾರು ಶೇ 4ರಷ್ಟು ಹೆಚ್ಚುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ಲೂಯಿವಿಲ್ ನಗರ 2011ರಲ್ಲಿ ತನ್ನ ಎರಡು ಏಕಮುಖ ಬೀದಿಗಳನ್ನು ಮತ್ತೆ ದ್ವಿಮುಖ ಮಾಡಿತು. ಒಂದರಲ್ಲಿ ಅಪಘಾತ ಶೇ 36ರಷ್ಟು, ಇನ್ನೊಂದರಲ್ಲಿ ಶೇ 60ರಷ್ಟು ತಗ್ಗಿತೆಂದು ಅಧ್ಯಯನ ಕಂಡುಕೊಂಡಿತು. ಎರಡೇ ಬೀದಿಗಳ ಲೆಕ್ಕ ನಮ್ಮ ಊರಿಗೆ ತೀರ್ಪಾಗದು, ನಿಜ. ಆದರೂ ಒನ್‌ವೇ ಎಂದರೆ ಸುರಕ್ಷಿತ ಎಂದು ಕಣ್ಣುಮುಚ್ಚಿ ನಂಬುವವರನ್ನು ಅದು ತಡೆದು ನಿಲ್ಲಿಸಬೇಕು.

ಸುತ್ತುಬಳಸುವ ದೂರದ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳಂತೆ ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದಾದಾಗ ಬಸ್ಸು ಹತ್ತುವ ಬೀದಿಯೇ ಬೇರೆ, ಇಳಿಯುವ ಬೀದಿಯೇ ಬೇರೆ. ಕಾರಿನವನಿಗೆ ಇದು ಎರಡು ನಿಮಿಷದ ಮಾತು. ತರಕಾರಿ ಚೀಲ ಹಿಡಿದ ವೃದ್ಧರಿಗೆ ಹಾಗಲ್ಲ. ಪಕ್ಕದ ಅಂಗಡಿಗೆ ಅರ್ಧ ಬಡಾವಣೆ ಸುತ್ತಬೇಕಾದರೆ ಸ್ಕೂಟರ್‌ನವರು ಎದುರು ದಿಕ್ಕಿನಲ್ಲಿ ನುಗ್ಗುತ್ತಾರೆ. ಅದನ್ನು ಸಮರ್ಥಿಸಲಾಗದು, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದೆ. ಆದರೆ ಎಲ್ಲರೂ ಮುರಿಯುವ ನಿಯಮವಿದ್ದಾಗ ನಕ್ಷೆಯನ್ನೂ ಒಮ್ಮೆ ಅನುಮಾನಿಸಬೇಕು.

ಇಪ್ಪತ್ತು ಅಡಿ ರಸ್ತೆಯ ಎರಡೂ ಬದಿ ಕಾರು ನಿಂತಿದ್ದರೆ ಎದುರುಬದುರು ವಾಹನ ಹಾಯುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ಅಂಥಲ್ಲಿ ಒನ್‌ವೇ ಬೇಕಾಗಬಹುದು (ನಿಂತ ಕಾರುಗಳನ್ನು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇಲ್ಲ!). ಆದರೆ ಬಾಣದ ಗುರುತು ಎತ್ತ ತಿರುಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಾರ್ಸಿಲೋನಾದ ‘ಸೂಪರ್‌ಬ್ಲಾಕ್’ಗಳೂ ಏಕಮುಖ ರಸ್ತೆಗಳನ್ನೇ ಬಳಸುತ್ತವೆ. ಅಲ್ಲಿ ಒಳಹೊಕ್ಕ ಕಾರು ಒಂದು ಸುತ್ತು ಹಾಕಿ ಬಂದ ಬದಿಗೇ ಮರಳುತ್ತದೆ, ಸೀಳಿಕೊಂಡು ಆಚೆ ಹೋಗಲಾಗದು. ಮನೆಗೆ ಬರುವವರಿಗೆ ದಾರಿ ಉಂಟು. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಮೊಬೈಲ್ ನಕ್ಷೆ ನೋಡಿ ನುಗ್ಗುವವರಿಗೆ ಇಲ್ಲ. ನಮ್ಮಲ್ಲಿ ಹೆಚ್ಚಾಗಿ ಆಗುವುದು ಇದರ ತಿರುವುಮುರುವು: ಒಳರಸ್ತೆಯನ್ನು ನೇರ ಕೊಳವೆ ಮಾಡಿ ಮುಖ್ಯರಸ್ತೆಯ ಹೊರೆಯನ್ನು ಅದರೊಳಗೆ ಹರಿಸುವುದು.

ಜನರನ್ನು ಕೇಳುತ್ತ ಕೂತರೆ ಯಾವ ಕೆಲಸವೂ ಆಗದು ಎಂಬುದು ಅಧಿಕಾರಿಗಳ ಅಳಲು. ಅದಕ್ಕೆ ದಾರಿ ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯ ಪ್ರಚಾರ ಸಾಕು. ಆ ತಿಂಗಳನ್ನು ನಿಜವಾದ ಪರೀಕ್ಷೆಯಾಗಿ ಬಳಸಿಕೊಳ್ಳಲಿ. ವಾಹನಗಳ ಸಂಖ್ಯೆ, ವೇಗ, ಬಸ್ ನಿಲ್ದಾಣಕ್ಕೆ ನಡೆಯಬೇಕಾದ ದೂರ, ಎದುರು ದಿಕ್ಕಿನ ಓಡಾಟ ಇವನ್ನು ಬದಲಾವಣೆಗೆ ಮುಂಚೆಯೂ ಆಮೇಲೆಯೂ ಎಣಿಸಿ ವಾರ್ಡ್ ಕಚೇರಿಯಲ್ಲಿ ಅಂಟಿಸಲಿ. ತಿಂಗಳು ತುಂಬಿದ ದಿನ ಬ್ಯಾರಿಕೇಡು ತೆಗೆಯಲಿ. ಅದನ್ನು ಉಳಿಸಿಕೊಳ್ಳಬೇಕೆನ್ನುವವರು ಆ ಅಂಕಿಗಳನ್ನು ತೋರಿಸಿ ಹೊಸ ಆದೇಶ ಕೇಳಲಿ.