ಗಾಂಧಿಬಜಾರಿನ ಫೋಟೋ ಬ್ರಿಸ್ಬೇನಿಗೆ ಹೋದದ್ದು

ಹೋದ ವರ್ಷ ಈ ಅಂಕಣದಲ್ಲಿ ರಜೆಗೆ ಊರಿಗೆ ಹೊರಟವರ ಸೂಟ್‌ಕೇಸಿನ ಬಗ್ಗೆ ಬರೆದಿದ್ದೆ. ಈ ಸಲ ಅಂಥ ಸೂಟ್‌ಕೇಸಿನಲ್ಲಿ ಬೆಡ್‌ಶೀಟ್ ಸುತ್ತಿಸಿಕೊಂಡು ಬಂದ ಒಂದು ಫೋಟೋದ ಕಥೆ.

ನಮ್ಮ ತಂದೆಯವರು ಕೊಟ್ಟದ್ದು ಅದು. ಕಪ್ಪು ಬಿಳುಪು, ಕಟ್ಟು ಹಾಕಿಸಿದ ಫೋಟೋ. ಬೆಂಗಳೂರು ಬಸವನಗುಡಿಯ ಗಾಂಧಿಬಜಾರ್ ರಸ್ತೆ. ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರು, ಎರಡು ಸೈಕಲ್ಲು, ಮೂಲೆಯಲ್ಲೊಂದು ಅಂಬಾಸಿಡರ್ ಕಾರು. ನಡುವೆ ಕೋಟು, ಪಂಚೆ ತೊಟ್ಟು, ಕೊಡೆ ಹಿಡಿದು, ನಮಗೆ ಬೆನ್ನು ಹಾಕಿ ನಡೆಯುತ್ತಿರುವ ಒಬ್ಬ ಹಿರಿಯರು.

"ಇವರೇ ಕಣೋ ಮಾಸ್ತಿ" ಎನ್ನುತ್ತಿದ್ದರು ತಂದೆ. ಮಾಸ್ತಿಯವರ ಮನೆ ಹತ್ತಿರದ ಗವೀಪುರದಲ್ಲಿ. ದಿನಾ ಬಸವನಗುಡಿ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದರು. ಡಿ.ವಿ.ಜಿ. ಅವರ ಮನೆಯಿದ್ದ ನಾಗಸಂದ್ರ ರಸ್ತೆ ಈಗ ಡಿ.ವಿ.ಜಿ. ರಸ್ತೆಯೇ ಆಗಿದೆ. ಕವಿ ನಿಸಾರ್ ಅಹಮದರ ಮೊದಲ ಕವನ ಸಂಕಲನದ ಹೆಸರೇ 'ಮನಸು ಗಾಂಧಿಬಜಾರು'. ಇಂಥ ಬೀದಿಯ ಫೋಟೋ ಶಾರ್ಜಾದ ರೋಲಾದಲ್ಲಿ, ನಮ್ಮ ಬಾಡಿಗೆ ಮನೆಯ ಗೋಡೆಯ ಮೇಲೆ ಹತ್ತೊಂಬತ್ತು ವರ್ಷ ಇತ್ತು. ಬಂದವರಿಗೆಲ್ಲ "ಇವರು ಮಾಸ್ತಿ" ಎಂದು ತೋರಿಸಿ ಕಾಫಿ ಕೊಟ್ಟಿದ್ದೇನೆ.

ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಇಲ್ಲಿ ಬೆಳೆದು, ವೀಸಾ ಸಿಕ್ಕ ಮೇಲೆ ಪರ್ತ್, ಅಡಿಲೇಡ್ ಎಂದು ಹೊರಟುಬಿಡುತ್ತಾರೆ. ನನ್ನ ಮಗ ಹೋದದ್ದು ಬ್ರಿಸ್ಬೇನಿಗೆ. ಹೋಗುವಾಗ ಆ ಫೋಟೋ ಕೇಳಿದ. ಕೊಟ್ಟೆ.

ಒಂದು ಭಾನುವಾರ ಫೋನ್ ಮಾಡಿದ. ಇಲ್ಲಿ ಮಧ್ಯಾಹ್ನ ಎರಡು, ಅಲ್ಲಿ ರಾತ್ರಿ ಎಂಟು. "ಅಪ್ಪಾ, ಆಫೀಸಿನವರು ಊಟಕ್ಕೆ ಬಂದಿದ್ರು. ಫೋಟೋ ನೋಡಿ ಯಾವ ವರ್ಷದ್ದು, ಎಡಗಡೆ ಅಂಗಡಿ ಯಾವುದು, ಇವರು ಮಾಸ್ತೀನೇ ಅಂತ ಹೇಗೆ ಗೊತ್ತು ಅಂತ ಕೇಳಿದ್ರು. ನಾನು ಏನು ಹೇಳಲಿ?"

ನನಗೂ ಗೊತ್ತಿರಲಿಲ್ಲ. ಕೇಳೋಣವೆಂದರೆ ತಂದೆಯವರಿಲ್ಲ. ಕಟ್ಟಿನ ಹಿಂದೆ ಏನಾದರೂ ಬರೆದಿದೆಯೇ ನೋಡು ಎಂದೆ. ಖಾಲಿ ರಟ್ಟು.

ಆಮೇಲೆ ನಾನೇ ಅಲ್ಲಿಗೆ ಹೋದಾಗ, ಮಗ ಪೇಟೆಯ ಆಲ್ಬರ್ಟ್ ಸ್ಟ್ರೀಟಿಗೆ ಕರೆದೊಯ್ದ. ಅಲ್ಲಿ ಕಾಲುದಾರಿಯಲ್ಲೇ ಲೋಹದ ಫಲಕಗಳನ್ನು ಕೂರಿಸಿದ್ದಾರೆ. ಬ್ರಿಸ್ಬೇನಿನ ಬಗ್ಗೆ ಲೇಖಕರು ಬರೆದ ಮಾತುಗಳು, ಹೆಸರು ಸಮೇತ. ಊರಿನ ಲೇಖಕರಲ್ಲಿ ಡೇವಿಡ್ ಮಲೂಫ್ ದೊಡ್ಡ ಹೆಸರು. 1934ರಲ್ಲಿ ಅಲ್ಲೇ ಹುಟ್ಟಿದವರು. ತಂದೆಯ ಕಡೆಯವರು ಲೆಬನಾನಿನಿಂದ ವಲಸೆ ಬಂದವರು. 1985ರಲ್ಲಿ ಬಂದ ಅವರ ಪುಸ್ತಕಕ್ಕೆ ಬಾಲ್ಯದ ಮನೆಯ ವಿಳಾಸವೇ ಹೆಸರು: '12 ಎಡ್ಮಂಡ್‌ಸ್ಟನ್ ಸ್ಟ್ರೀಟ್'. ಆ ಮರದ ಮನೆಯ ಒಂದೊಂದು ಕೋಣೆ, ವರಾಂಡ, ಮನೆಯ ಅಡಿಯ ಕತ್ತಲ ಜಾಗವನ್ನೂ ಬಿಡದೆ ಬರೆದಿದ್ದಾರೆ. ವಲಸೆಗಾರರ ಮೊಮ್ಮಗ ಒಂದು ಮನೆ ಸಂಖ್ಯೆಯನ್ನು ಲೋಕಕ್ಕೆಲ್ಲ ತಿಳಿಸಿದರು. ನಾನು ನನ್ನ ಮಗನಿಗೆ ಒಂದು ಅಂಗಡಿಯ ಹೆಸರು ಹೇಳಲಾರದೆ ಹೋದೆ.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಫೋಟೋ ಇಟ್ಟುಕೊಂಡು ಇಬ್ಬರೂ ಕೂತೆವು. ಅಂಬಾಸಿಡರ್ ಕಾರು ರಸ್ತೆಗೆ ಬಂದದ್ದು 1950ರ ದಶಕದ ಕೊನೆಗೆ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ. ಹುಟ್ಟಿದ್ದು 1891ರಲ್ಲಿ ಎಂದಮೇಲೆ, ಇವರು ಮಾಸ್ತಿಯೇ ಆಗಿದ್ದರೆ ಇಲ್ಲಿ ಎಪ್ಪತ್ತರ ಆಸುಪಾಸು ಅಥವಾ ಇನ್ನೂ ಹೆಚ್ಚು. ಆದರೆ ಅಂದಿನ ಬಸವನಗುಡಿಯಲ್ಲಿ ಕೋಟು, ಪಂಚೆ, ಕೊಡೆಯ ಹಿರಿಯರು ಒಬ್ಬರೇ ಇದ್ದರೇ? ಮುಖ ಕಾಣುವುದಿಲ್ಲ. ಇಷ್ಟು ವರ್ಷ ನಾನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು.

ಮಗ ಪೆನ್ಸಿಲ್ ತಂದ. ರಟ್ಟಿನ ಮೇಲೆ ಬರೆದೆವು: ಗಾಂಧಿಬಜಾರ್, ಬಸವನಗುಡಿ. 1950ರ ದಶಕದ ಕೊನೆ ಅಥವಾ ಆಮೇಲೆ. ಕೊಡೆ ಹಿಡಿದವರು ಮಾಸ್ತಿ ಎಂದು ತಾತ ಹೇಳುತ್ತಿದ್ದರು. ಅದರ ಕೆಳಗೆ ಮಗ ತಾನಾಗಿಯೇ ಇನ್ನೊಂದು ಸಾಲು ಸೇರಿಸಿದ: ರೋಲಾದ ಮನೆಯಲ್ಲಿ ಹತ್ತೊಂಬತ್ತು ವರ್ಷ ಇತ್ತು.

"ರೋಲಾ ಫೋಟೋ ಇದೆಯಾ ಅಪ್ಪಾ? ನಾನು ಓಡಾಡಿದ ಬೀದಿ ಅದಲ್ವಾ" ಎಂದ. ಹುಟ್ಟುಹಬ್ಬ, ಪಿಕ್ನಿಕ್ಕು, ಕನ್ನಡ ಸಂಘದ ರಾಜ್ಯೋತ್ಸವ ಎಲ್ಲ ಇದೆ. ನಮ್ಮ ಬೀದಿಯದು ಒಂದೂ ಇಲ್ಲ. ರೋಲಾ ಎಂದರೆ ಆಲದ ಮರ ಎಂದು ಅವನಿಗೆ ಹೇಳಿಯೂ ಇರಲಿಲ್ಲ.

ಆದ್ದರಿಂದ ಮಿತ್ರರೇ, ಒಂದು ವಿನಂತಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗೋಡೆಯ ಮೇಲಿನ ಹಳೇ ಫೋಟೋ ಇಳಿಸಿ, ಮನೆಯ ಹಿರಿಯರ ಪಕ್ಕ ಕೂತು ಕೇಳಿ. ಯಾವ ಜಾಗ, ಯಾವ ವರ್ಷ, ಯಾರು ಹೇಳಿದ್ದು? ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಫೋಟೋದ ಬೆನ್ನಿಗೇ ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತದೆ. ಅನುಮಾನವಿದ್ದರೆ ಅನುಮಾನವೆಂದೇ ಬರೆಯಿರಿ.

ನಾನು ವಾಪಸು ಬಂದ ಮರುದಿನ ಬೆಳಿಗ್ಗೆ ಕೆಳಗಿಳಿದು ನಮ್ಮ ಬೀದಿಯ ಫೋಟೋ ತೆಗೆದೆ. ಕೆಫೆಟೇರಿಯಾ, ಲಾಂಡ್ರಿ, ಕಾರಿನ ಮೇಲೆ ಮಲಗಿದ್ದ ಬೆಕ್ಕು. ಕಟ್ಟು ಹಾಕಿಸಲು ಕೊಟ್ಟಿದ್ದೇನೆ.