ಬ್ಯಾಟರಿಯ ಜಮಾ-ಖರ್ಚು

ಲೆಕ್ಕಪತ್ರಗಳಲ್ಲಿ ಒಂದೇ ವೆಚ್ಚ ಮತ್ತೆ ಮತ್ತೆ ಕಾಣಿಸಿಕೊಂಡರೆ ಲೆಕ್ಕ ಪರಿಶೋಧಕನಿಗೆ ಸಂಶಯ ಮೂಡುವುದು ಸಹಜ. ನನ್ನ ಕಕ್ಷಿದಾರರಾದ ಜವಳಿ ವರ್ತಕರೊಬ್ಬರ ಪುಸ್ತಕದಲ್ಲಿ ಐದು ವರ್ಷಗಳೊಳಗೆ ಮೂರು ಬಾರಿ ಸೋಲಾರ್ ಬ್ಯಾಟರಿಯ ಖರೀದಿ ದಾಖಲಾಗಿತ್ತು. ವಿಚಾರಿಸಿದಾಗ, "ಏನು ಮಾಡೋದು ಸಾರ್, ಯಾವ ಬ್ಯಾಟರಿ ತಂದರೂ ಚಾರ್ಜ್ ನಿಲ್ಲೋದಿಲ್ಲ" ಎಂದರು. ತಂತ್ರಜ್ಞರನ್ನು ಕರೆಸಿ ಪರೀಕ್ಷಿಸಿದ ಮೇಲೆ ತಿಳಿದದ್ದೇ ಬೇರೆ. ಬ್ಯಾಟರಿಯಲ್ಲಿ ದೋಷವಿರಲಿಲ್ಲ, ಅದನ್ನು ಅರೆಹೊಟ್ಟೆಯಲ್ಲಿ ದುಡಿಸಲಾಗಿತ್ತು.

ಬ್ಯಾಟರಿಯೂ ಒಂದು ಬ್ಯಾಂಕ್ ಖಾತೆಯಂತೆಯೇ. ಅವರ ಅಂಗಡಿಯಲ್ಲಿದ್ದುದು 150 ವಾಟ್ ಪ್ಯಾನೆಲ್ ಮತ್ತು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಇಂತಹ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಸುಮಾರು 8 ಆಂಪಿಯರ್ ಕೊಡುತ್ತದೆ. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದಿಟ್ಟುಕೊಂಡರೆ 40 ಆಂಪಿಯರ್-ಅವರ್ ಜಮಾ. ಧೂಳು, ಬಿಸಿ ಮತ್ತು ತಂತಿಯಲ್ಲಿನ ನಷ್ಟ ಕಳೆದರೆ ಉಳಿಯುವುದು 32ರ ಆಸುಪಾಸು. ಖರ್ಚಿನ ಕಡೆ, 10 ವಾಟ್‌ನ ನಾಲ್ಕು ದೀಪಗಳು ಐದು ಗಂಟೆ, ಆಮೇಲೆ ಸೇರಿಸಿದ 30 ವಾಟ್ ಫ್ಯಾನ್ ಎಂಟು ಗಂಟೆ. ಒಟ್ಟು 440 ವಾಟ್-ಅವರ್, ಅಂದರೆ ಸುಮಾರು 37 ಆಂಪಿಯರ್-ಅವರ್. ತೆಗೆದಷ್ಟನ್ನೇ ತುಂಬಿದರೆ ಸಾಲದು, ಸ್ವಲ್ಪ ಹೆಚ್ಚೇ ತುಂಬಬೇಕು. ಹೀಗೆ ಪ್ರತಿದಿನವೂ ಕೊರತೆ. ಸಾಲದೆಂಬಂತೆ ಪಕ್ಕದ ಕಟ್ಟಡದ ಹೊಸ ನೀರಿನ ಟ್ಯಾಂಕಿನ ನೆರಳು ಮಧ್ಯಾಹ್ನದ ನಂತರ ಪ್ಯಾನೆಲಿನ ಮೇಲೆ ಬೀಳುತ್ತಿತ್ತು. ಅರ್ಧ ತುಂಬಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಇರುವ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕುಳಿತು, ಅದರ ಸಾಮರ್ಥ್ಯವೇ ಕುಗ್ಗುತ್ತದೆ.

ಆದುದರಿಂದ ಹೊಸ ಬ್ಯಾಟರಿಗೆ ಹಣ ತೆರುವ ಮುನ್ನ ಕೆಲವು ಪರೀಕ್ಷೆಗಳು ಅವಶ್ಯಕ. ಮೊದಲು ಪ್ಯಾನೆಲಿನ ಧೂಳು ಮತ್ತು ನೆರಳನ್ನು ನೋಡಬೇಕು. ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಕಂಟ್ರೋಲರ್ ಬಳಿಯೂ ಬ್ಯಾಟರಿಯ ಟರ್ಮಿನಲ್ ಬಳಿಯೂ ಮಲ್ಟಿಮೀಟರ್ ಹಿಡಿಯಬೇಕು. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸವಿದ್ದರೆ ತಂತಿ ಸಣ್ಣದು ಅಥವಾ ಜೋಡಣೆ ಸಡಿಲ. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್ ಆಸುಪಾಸಿಗೆ ಏರಬೇಕು. ಒಳ್ಳೆಯ ಬಿಸಿಲಿನ ದಿನಗಳಲ್ಲೂ ಏರದಿದ್ದರೆ ಅದು ತುಂಬುತ್ತಿಲ್ಲವೆಂದೇ ಅರ್ಥ. ಕೆಲವು ಗಂಟೆ ವಿಶ್ರಾಂತಿಯ ನಂತರ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.1ರ ಹತ್ತಿರವಿದ್ದರೆ ಅರ್ಧ ಖಾಲಿ. ಕಂಟ್ರೋಲರಿನಲ್ಲಿ ಬ್ಯಾಟರಿಯ ಬಗೆ ಸರಿಯಾಗಿ ಆಯ್ಕೆಯಾಗಿದೆಯೇ, ಡಿಸ್ಟಿಲ್ಡ್ ನೀರಿನ ಮಟ್ಟ ಸರಿಯಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ಹೈಡ್ರೋಮೀಟರ್ ಒಂದು ಸೆಲ್ಲಿನಲ್ಲಿ ಮಾತ್ರ ತೀರ ಕಡಿಮೆ ತೋರಿಸಿದಾಗ ಬ್ಯಾಟರಿಯನ್ನು ದೂರಬಹುದು. ಬಿಚ್ಚುವಾಗ ಮೊದಲು ಪ್ಯಾನೆಲ್, ಜೋಡಿಸುವಾಗ ಮೊದಲು ಬ್ಯಾಟರಿ ಎಂಬ ಕ್ರಮವನ್ನು ಮರೆಯಬಾರದು.

ಸವಕಳಿ ಸಿಗುತ್ತದಲ್ಲ ಎಂದು ಸಮಾಧಾನಪಡುವವರಿದ್ದಾರೆ. ಸೌರ ಉಪಕರಣಗಳಿಗೆ ಹಿಂದೆ ದೊರೆಯುತ್ತಿದ್ದ ಶೇ. 80ರ ದರ 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ದರ ಎಷ್ಟೇ ಇದ್ದರೂ ಸವಕಳಿಯು ತೆರಿಗೆಯ ಒಂದಂಶವನ್ನು ಉಳಿಸೀತೇ ಹೊರತು ಕಳೆದುಕೊಂಡ ಬಂಡವಾಳವನ್ನು ಮರಳಿಸದು.

ನನ್ನ ಅಭಿಪ್ರಾಯದಲ್ಲಿ ತಪ್ಪು ಎರಡೂ ಕಡೆ ಇದೆ. ಮಾರಾಟಗಾರರು ದೊಡ್ಡ ಬ್ಯಾಟರಿಯನ್ನು ತೋರಿಸಿ ಚಿಕ್ಕ ಪ್ಯಾನೆಲ್ ಅಳವಡಿಸುತ್ತಾರೆ. ನಾವು ಕೇಳದೆ ಲೋಡ್ ಸೇರಿಸುತ್ತೇವೆ. ಖರೀದಿ ಆದೇಶದಲ್ಲೇ ದೈನಂದಿನ ಜಮಾ-ಖರ್ಚಿನ ಲೆಕ್ಕವನ್ನು ಲಿಖಿತವಾಗಿ ಕೇಳೋಣ. ಬಿಸಿಲಿನಲ್ಲಿ ಚಾರ್ಜಿಂಗ್ ಪರೀಕ್ಷಿಸಿ ವರದಿ ಪಡೆದ ನಂತರವೇ ಕೊನೆಯ ಕಂತನ್ನು ಪಾವತಿಸೋಣ. ನಮ್ಮ ಸಂಸ್ಥೆಯೂ ಇದಕ್ಕೊಂದು ಮಾದರಿ ನಮೂನೆ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ ಉಪಕಾರವಾದೀತು.

ನನ್ನ ಕಕ್ಷಿದಾರರು ನಾಲ್ಕನೆಯ ಬ್ಯಾಟರಿ ಕೊಳ್ಳಲಿಲ್ಲ. ನೆರಳಿಲ್ಲದ ಕಡೆಗೆ ಪ್ಯಾನೆಲನ್ನು ಸರಿಸಿ, ಇನ್ನೊಂದು ಪ್ಯಾನೆಲ್ ಸೇರಿಸಿದರು. ಬ್ಯಾಟರಿಯ ಪಕ್ಕದಲ್ಲಿ ಈಗ ಒಂದು ನೋಟ್ ಪುಸ್ತಕ ತೂಗುತ್ತಿದೆ. ಅದರಲ್ಲಿ ಪ್ರತಿದಿನ ಬೆಳಿಗ್ಗೆ ವೋಲ್ಟೇಜ್ ಬರೆಯುತ್ತಾರೆ.